ಬಿಪಿಗೆ ಬೆಂಗಳೂರು ಬಸ್ ಹತ್ತಬೇಕಾ? ಕೋಲಾರದವರಿಗೆ ಹಂತ ಹಂತವಾಗಿ

"ಬಿಪಿ 150 ಇದೆ ಅಂದರು. ಮಾತ್ರೆ ಶುರು ಮಾಡಲಾ, ಬೇಡವಾ?"

"ನನಗೆ ತಲೆಸುತ್ತೂ ಇಲ್ಲ, ಸುಸ್ತೂ ಇಲ್ಲ. ಮತ್ತೆ ಬಿಪಿ ಹೇಗೆ ಬಂತು?"

"ಪಿಎಚ್‌ಸಿ ಮಾತ್ರೆ ನಂಬಬಹುದಾ? ಇಲ್ಲ ಬೆಂಗಳೂರಿಗೆ ಹೋಗಿ ದೊಡ್ಡ ಡಾಕ್ಟರಿಗೇ ತೋರಿಸಬೇಕಾ?"

ಮಾಲೂರಿನಿಂದ, ಮುಳಬಾಗಿಲಿನಿಂದ, ಬಂಗಾರಪೇಟೆಯಿಂದ ಓದುಗರು ಕೇಳುವುದು ಹೆಚ್ಚುಕಡಿಮೆ ಈ ಮೂರೇ ಪ್ರಶ್ನೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಅಮ್ಮನ ಬಿಪಿ ಪುಸ್ತಕವನ್ನು ಎಂಟು ವರ್ಷದಿಂದ ಬರೆದಿಡುತ್ತಾ ಬಂದಿದ್ದೇನೆ, ಅಷ್ಟೇ. ಯಾವ ಮಾತ್ರೆ, ಎಷ್ಟು ಅನ್ನುವುದು ಡಾಕ್ಟರ್ ತೀರ್ಮಾನ. ಅವರ ಹತ್ತಿರ ಹೋಗುವ ಮುಂಚೆ ಏನು ಮಾಡಬೇಕು, ಹೋದಾಗ ಏನು ಕೇಳಬೇಕು, ಮನೆಗೆ ಬಂದ ಮೇಲೆ ಎಲ್ಲಿ ಎಡವುತ್ತೇವೆ, ಇದಷ್ಟು ಇಲ್ಲಿದೆ.

ಮೊದಲೇ ಹೇಳಿಬಿಡುತ್ತೇನೆ. ಬಹಳಷ್ಟು ಜನರ ಬಿಪಿಯನ್ನು ಊರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ (ಪಿಎಚ್‌ಸಿ) ಹತೋಟಿಗೆ ತರಬಹುದು. ಕೆಡುವುದು ಆಮೇಲೆ, ಮಾತ್ರೆ ಶುರುವಾದ ಎರಡನೇ ಮೂರನೇ ತಿಂಗಳಲ್ಲಿ. ಅಲ್ಲಿಗೆ ಬಂದಾಗ ಸ್ವಲ್ಪ ನಿಧಾನವಾಗಿ ಓದಿ.

ಎಷ್ಟು ಜನಕ್ಕಿದೆ, ಏನಿದು?

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15 ವರ್ಷ ದಾಟಿದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಬಿಪಿ ಜಾಸ್ತಿ ಇದೆ, ಇಲ್ಲವೇ ಅದಕ್ಕೆ ಮಾತ್ರೆ ನುಂಗುತ್ತಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಅಧ್ಯಯನವೊಂದು 2023ರಲ್ಲಿ ಹೊರಬಂತು. ಅದು ದೇಶದಲ್ಲಿ 20 ವರ್ಷ ದಾಟಿದವರನ್ನು ಲೆಕ್ಕ ಹಾಕಿ ಶೇ 35.5 ಅನ್ನುತ್ತದೆ. ವಯಸ್ಸು, ಅಳೆಯುವ ರೀತಿ ಬೇರೆಯಾದರೆ ಲೆಕ್ಕವೂ ಬೇರೆಯಾಗುತ್ತದೆ. ಯಾವುದನ್ನು ಹಿಡಿದರೂ ಮನೆಗೊಬ್ಬರು ಸಿಗುತ್ತಾರೆ, ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಇನ್ನೊಂದು ಲೆಕ್ಕ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ಜಗತ್ತಿನಲ್ಲಿ ಬಿಪಿ ಇರುವ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ತಮಗೆ ಬಿಪಿ ಇದೆ ಅನ್ನುವುದೇ ಗೊತ್ತಿಲ್ಲ. ಹತೋಟಿಯಲ್ಲಿ ಇರುವುದು ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ.

ಗೊತ್ತಾಗದೆ ಇರುವುದಕ್ಕೆ ಕಾರಣ ಇದೆ. ನಿಮ್ಮ ತೋಟದ ಡ್ರಿಪ್ ನೆನಪು ಮಾಡಿಕೊಳ್ಳಿ. ಮೋಟರ್ ನೀರು ತಳ್ಳುವಾಗ ಪೈಪಿನ ಗೋಡೆಯ ಮೇಲೆ ಒತ್ತಡ ಬೀಳುತ್ತದೆ. ಒತ್ತಡ ಜಾಸ್ತಿಯಾದರೆ ಪೈಪ್ ಕೂಗಿ ಹೇಳುವುದಿಲ್ಲ. ಒಂದು ದಿನ ಜಾಯಿಂಟ್ ಕಿತ್ತುಕೊಂಡ ಮೇಲೆ ನಮಗೆ ಗೊತ್ತಾಗುತ್ತದೆ. ಹೃದಯ, ರಕ್ತನಾಳದ ಕಥೆಯೂ ಹಾಗೇ. ಹೃದಯ ಹಿಂಡಿದಾಗ ಬೀಳುವ ಒತ್ತಡವೇ ಮೇಲಿನ ಬಿಪಿ. ಎರಡು ಬಡಿತದ ನಡುವೆ ಹೃದಯ ಸಡಿಲವಾದಾಗ ಉಳಿಯುವ ಒತ್ತಡ ಕೆಳಗಿನ ಬಿಪಿ. 120/80 ಅಂದರೆ ಮೇಲಿನದು 120, ಕೆಳಗಿನದು 80, ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ. ಆಸ್ಪತ್ರೆಯಲ್ಲಿ ಅಳೆದಾಗ ಮತ್ತೆ ಮತ್ತೆ 140/90 ಅಥವಾ ಅದಕ್ಕಿಂತ ಮೇಲೆ ಬಂದರೆ ನಮ್ಮಲ್ಲಿ ಅದನ್ನು ಅಧಿಕ ರಕ್ತದೊತ್ತಡ ಅನ್ನುತ್ತಾರೆ. ಎರಡರಲ್ಲಿ ಒಂದು ಮಾತ್ರ ಜಾಸ್ತಿ ಇದ್ದರೂ ಲೆಕ್ಕಕ್ಕೆ ಬರುತ್ತದೆ.

ಹಂತ 1: ಎಲ್ಲಿ ಅಳೆಸುವುದು

ವಯಸ್ಸು 30 ದಾಟಿದೆಯಾ? ಹಾಗಾದರೆ ತೊಂದರೆ ಇರಲಿ, ಇಲ್ಲದಿರಲಿ, ವರ್ಷಕ್ಕೊಮ್ಮೆ ಅಳೆಸಿ. ಅದಕ್ಕೆ ಪಟ್ಟಣಕ್ಕೆ ಹೋಗಬೇಕಿಲ್ಲ. ನಾವು ಸಬ್ ಸೆಂಟರ್ ಅನ್ನುವ ಕಟ್ಟಡದ ಮೇಲೆ ಈಗ ಬಹಳ ಕಡೆ 'ಆಯುಷ್ಮಾನ್ ಆರೋಗ್ಯ ಮಂದಿರ' ಎಂಬ ಬೋರ್ಡ್ ಇದೆ. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. ಬಿಪಿ, ಶುಗರ್ ಎರಡನ್ನೂ ನೋಡುತ್ತಾರೆ. ಮಾತ್ರೆ ಶುರು ಮಾಡಬೇಕು ಅಂದರೆ ಪಿಎಚ್‌ಸಿ ಡಾಕ್ಟರ್ ಹತ್ತಿರ ಕಳಿಸುತ್ತಾರೆ.

ಕೋಲಾರದವರಿಗೆ ಇನ್ನೊಂದು ಅನುಕೂಲ ಇದೆ. ಆರೋಗ್ಯ ಸಿಬ್ಬಂದಿಯೇ ಮನೆ ಬಾಗಿಲಿಗೆ ಬಂದು 30 ದಾಟಿದವರ ಬಿಪಿ, ಶುಗರ್ ನೋಡುವ 'ಗೃಹ ಆರೋಗ್ಯ' ಯೋಜನೆ 2024ರಲ್ಲಿ ಪ್ರಯೋಗವಾಗಿ ಶುರುವಾಗಿದ್ದೇ ನಮ್ಮ ಜಿಲ್ಲೆಯಲ್ಲಿ. 2025ರಲ್ಲಿ ಅದನ್ನು ರಾಜ್ಯಕ್ಕೆಲ್ಲ ವಿಸ್ತರಿಸಿದರು. ಅವರು ಬಂದಾಗ "ನಾವು ಚೆನ್ನಾಗಿದ್ದೀವಿ, ಪಕ್ಕದ ಮನೆಗೆ ಹೋಗಿ" ಅಂತ ಕಳಿಸಬೇಡಿ. ಬೆಳಗ್ಗೆ ಹೊಲಕ್ಕೋ ಕೆಲಸಕ್ಕೋ ಹೋಗುವ ಗಂಡಸರು ಈ ಲೆಕ್ಕದಿಂದ ತಪ್ಪಿಸಿಕೊಳ್ಳುವುದು ಜಾಸ್ತಿ. ನಿಮ್ಮ ಏರಿಯಾ ಆಶಾ ಕಾರ್ಯಕರ್ತೆಯನ್ನು ಕೇಳಿ, ಯಾವ ದಿನ ಯಾರು ಎಲ್ಲಿ ಸಿಗುತ್ತಾರೆ ಅಂತ ಅವರಿಗೆ ಗೊತ್ತಿರುತ್ತದೆ.

ಹಂತ 2: ಅಳೆಸುವ ಮುಂಚಿನ ಅರ್ಧ ಗಂಟೆ

ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲೇ. ಬಸ್ ಇಳಿದು ಓಡೋಡಿ ಬಂದು, ಚೀಟಿಗೆ ಸಾಲು ನಿಂತು, ಏದುಸಿರು ಬಿಡುತ್ತಾ ಕೈ ಚಾಚಿದರೆ ಬರುವ ನಂಬರ್ ನಿಮ್ಮ ಬಿಪಿಯಲ್ಲ, ನಿಮ್ಮ ಓಟದ್ದು. ನನಗೇ ಹೀಗೆ ಒಂದು ಕಡೆ 162 ಬಂದಿತ್ತು. ಹತ್ತು ನಿಮಿಷ ಕೂತು ಮತ್ತೆ ಅಳೆಸಿದರೆ 128.

ಹಾಗಾಗಿ ಇಷ್ಟು ನೋಡಿಕೊಳ್ಳಿ:

ಅಳೆಸುವ ಮುಂಚೆ ಅರ್ಧ ಗಂಟೆ ಕಾಫಿ, ಟೀ, ಬೀಡಿ, ಸಿಗರೇಟ್, ಹೊಗೆಸೊಪ್ಪು ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ತಡೆದುಕೊಂಡು ಕೂತರೆ ಬಿಪಿ ಏರುತ್ತದೆ.

ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ನೆ ಕೂರಿ. ಪಾದ ಎರಡೂ ನೆಲದ ಮೇಲೆ ಇರಲಿ. ಕಾಲ ಮೇಲೆ ಕಾಲು ಹಾಕಬೇಡಿ.

ಕೈಯನ್ನು ಮೇಜಿನ ಮೇಲೆ ಇಡಿ, ಎದೆಯ ಮಟ್ಟಕ್ಕೆ. ಕೈ ಜೋತು ಬಿದ್ದಿದ್ದರೆ ನಂಬರ್ ಜಾಸ್ತಿ ತೋರಿಸುತ್ತದೆ.

ಬಿಪಿ ಮಿಷನ್ನಿನ ಪಟ್ಟಿ ಬರಿಯ ತೋಳಿನ ಮೇಲೆ ಬರಬೇಕು. ರವಿಕೆ ತೋಳಿನ ಮೇಲೆ, ಸ್ವೆಟರ್ ಮೇಲೆ ಸುತ್ತಿದರೆ ಲೆಕ್ಕ ಕೆಡುತ್ತದೆ. ಬಿಗಿಯಾದ ತೋಳನ್ನು ಮೇಲಕ್ಕೆ ಮಡಚಿದರೂ ಕಷ್ಟ, ಅದೇ ಇನ್ನೊಂದು ಪಟ್ಟಿಯಂತೆ ಹಿಸುಕುತ್ತದೆ. ಆ ದಿನ ಸಡಿಲ ತೋಳಿನ ಬಟ್ಟೆ ಹಾಕಿಕೊಂಡು ಹೋಗಿ.

ದಪ್ಪ ತೋಳಿನವರಿಗೆ ದೊಡ್ಡ ಪಟ್ಟಿ ಬೇಕು. ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿಯೂ ಇದೆ ಅಂತ ತೋರಿಸುತ್ತದೆ. "ದೊಡ್ಡ ಪಟ್ಟಿ ಇದೆಯಾ ಸಿಸ್ಟರ್?" ಅಂತ ಕೇಳಲು ಸಂಕೋಚ ಬೇಡ.

ಅಳೆಯುವಾಗ ಮಾತು ಬೇಡ. ಸಿಸ್ಟರ್ ಕೂಡ ನಿಮ್ಮೂರಿನವರೇ ಆಗಿದ್ದರೆ ಇದು ಕಷ್ಟ, ಗೊತ್ತು.

ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಸಿ. ಮೊದಲ ಸಲ ಹೋದಾಗ ಎರಡೂ ಕೈಯಲ್ಲಿ ನೋಡಿಸಿ. ಯಾವ ಕೈಯಲ್ಲಿ ಜಾಸ್ತಿ ಬಂತೋ, ಮುಂದೆ ಯಾವಾಗಲೂ ಅದೇ ಕೈ. ಜನಜಂಗುಳಿ ಇರುವ ದಿನ ಇದನ್ನೆಲ್ಲ ಮಾಡುವಷ್ಟು ಪುರುಸೊತ್ತು ಅವರಿಗೆ ಇರುವುದಿಲ್ಲ. ಸೋಮವಾರ ಬೆಳಗ್ಗೆ ಬಿಟ್ಟು ಬೇರೆ ದಿನ ಹೋಗಿ ನೋಡಿ.

ಹಂತ 3: ಒಂದು ನಂಬರಿಗೆ ಹೆದರಬೇಡಿ, ಎರಡನೆಯದನ್ನು ತಪ್ಪಿಸಬೇಡಿ

ಒಂದೇ ಒಂದು ಸಲ 146/92 ಬಂದರೆ ನೀವು ಬಿಪಿ ರೋಗಿ ಆಗಿಬಿಡುವುದಿಲ್ಲ. ಬೇರೆ ದಿನ ಇನ್ನೊಮ್ಮೆ ನೋಡಿ ಖಚಿತ ಮಾಡಿಕೊಳ್ಳುತ್ತಾರೆ. ಡಾಕ್ಟರ್ ಕೋಟು ನೋಡಿದರೇ ಬಿಪಿ ಏರುವವರು ಇದ್ದಾರೆ. ಆಸ್ಪತ್ರೆಯಲ್ಲಿ ಸರಿ ಇದ್ದು ಮನೆಯಲ್ಲಿ ಏರುವವರೂ ಇದ್ದಾರೆ.

ಆದರೆ 160/100 ದಾಟಿದ್ದರೆ ಎರಡನೇ ದಿನಕ್ಕೆ ಕಾಯದೆ ಡಾಕ್ಟರ್ ಅವತ್ತೇ ಮಾತ್ರೆ ಶುರು ಮಾಡುವುದುಂಟು. ವಾದ ಮಾಡಬೇಡಿ.

ಇನ್ನು "ಇವತ್ತು ಟೆನ್ಷನ್ ಇತ್ತು, ಅದಕ್ಕೇ ಏರಿದೆ" ಅಂತ ನಾವೇ ಕಾರಣ ಹುಡುಕಿಕೊಂಡು ಎರಡನೇ ಸಲ ಹೋಗದೇ ಇರುವುದು ಇದೆಯಲ್ಲ, ಅದು ಇಲ್ಲಿನ ದೊಡ್ಡ ಗುಂಡಿ. ಟೊಮೆಟೊ ರೇಟು ಬಿದ್ದಿದ್ದಕ್ಕೆ ಏರಿದೆ ಅನ್ನುವವರ ಮಾತು ಕೇಳಿದ್ದೇನೆ. ರೇಟು ಮತ್ತೆ ಏರಿದ ಮೇಲಾದರೂ ಒಮ್ಮೆ ಅಳೆಸಿದ್ದರೆ ಚೆನ್ನಾಗಿತ್ತು.

ಗರ್ಭಿಣಿಯರಿಗೆ ಈ ಕಾಯುವ ಮಾತು ಲಾಗೂ ಆಗುವುದಿಲ್ಲ. 140/90 ಮುಟ್ಟಿದರೆ ಅವತ್ತೇ ಡಾಕ್ಟರ್ ನೋಡಬೇಕು. ತೀರಾ ಚಿಕ್ಕ ವಯಸ್ಸಿನಲ್ಲಿ ಬಿಪಿ ಬಂದರೆ ಕಿಡ್ನಿಯದ್ದೋ ಗ್ರಂಥಿಯದ್ದೋ ಬೇರೆ ಕಾರಣ ಇರಬಹುದು. ಅಂಥವರನ್ನು ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತಾರೆ.

ಹಂತ 4: ಮೊದಲ ಭೇಟಿಯಲ್ಲಿ ಹೇಳಬೇಕಾದ್ದು, ಕೇಳಬೇಕಾದ್ದು

ಹೇಳಬೇಕಾದ್ದು: ನೀವು ಈಗ ನುಂಗುತ್ತಿರುವ ಎಲ್ಲ ಮಾತ್ರೆ. 'ಎಲ್ಲ' ಅಂದರೆ ಮೆಡಿಕಲ್ ಶಾಪಿನಿಂದ ಮಂಡಿನೋವಿಗೆ ತಂದಿದ್ದೂ ಸೇರಿ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ದಿನಾ ನುಂಗಿದರೆ ಬಿಪಿ ಏರುತ್ತದೆ, ಕಿಡ್ನಿಗೂ ಪೆಟ್ಟು. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಮಾತ್ರೆ, ಸ್ಟೀರಾಯ್ಡ್, ಗರ್ಭನಿರೋಧಕ ಮಾತ್ರೆ ಕೂಡ ಏರಿಸಬಹುದು. ಕೆಮ್ಮಿಗೆ ಅಂತ ಜ್ಯೇಷ್ಠಮಧು ದಿನಾ ಅಗಿಯುವವರು ಅದನ್ನೂ ಹೇಳಿ. ಬೇರು ಅಂದ ಮಾತ್ರಕ್ಕೆ ಏನೂ ಆಗಲ್ಲ ಅಂತಿಲ್ಲ, ಜಾಸ್ತಿ ತಿಂದರೆ ಅದೂ ಬಿಪಿ ಏರಿಸುತ್ತದೆ.

ಕೇಳಬೇಕಾದ್ದು: ಶುಗರ್, ಮೂತ್ರದಲ್ಲಿ ಪ್ರೋಟೀನ್, ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆ), ಕೊಲೆಸ್ಟ್ರಾಲ್, ಇಸಿಜಿ. ಇವೆಲ್ಲ ಒಂದೇ ಕಡೆ, ಒಂದೇ ದಿನ ಆಗದಿರಬಹುದು. ಪಿಎಚ್‌ಸಿಯಲ್ಲಿ ಆಗದ್ದನ್ನು ತಾಲ್ಲೂಕು ಆಸ್ಪತ್ರೆಗೋ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೋ ಬರೆದುಕೊಡುತ್ತಾರೆ. ಅಲ್ಲಿ ಬಿಪಿ, ಶುಗರ್ ಥರದ ಅಂಟದ ಕಾಯಿಲೆಗಳಿಗೇ ಎನ್‌ಸಿಡಿ ಕ್ಲಿನಿಕ್ ಇರುತ್ತದೆ. ಪರೀಕ್ಷೆ ಮುಗಿಯಲಿ ಅಂತ ಮಾತ್ರೆ ಶುರು ಮಾಡುವುದನ್ನು ತಿಂಗಳುಗಟ್ಟಲೆ ಮುಂದೂಡಬೇಡಿ.

ಹಂತ 5: ಮಾತ್ರೆ

ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿಗೆ ಸಾಮಾನ್ಯವಾಗಿ ಮೂರು ಹೆಸರು ಕೇಳುತ್ತೀರಿ. ಆಮ್ಲೊಡಿಪಿನ್, ಇದು ರಕ್ತನಾಳವನ್ನು ಸಡಿಲ ಮಾಡುತ್ತದೆ. ಟೆಲ್ಮಿಸಾರ್ಟನ್, ಇದು ನಾಳವನ್ನು ಬಿಗಿಮಾಡುವ ರಾಸಾಯನಿಕದ ಕೆಲಸವನ್ನು ತಡೆಯುತ್ತದೆ. ಕ್ಲೋರ್ಥಲಿಡೋನ್, ಇದು ಉಪ್ಪು, ನೀರನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಒಂದರಿಂದ ಶುರು ಮಾಡಿ, ತಿಂಗಳ ನಂತರ ನೋಡಿ, ಸಾಲದಿದ್ದರೆ ಇನ್ನೊಂದು ಸೇರಿಸುವುದೋ ಪ್ರಮಾಣ ಏರಿಸುವುದೋ ಮಾಡುತ್ತಾರೆ. 'ಎರಡು ಮಾತ್ರೆ ಬರೆದರು, ನನ್ನ ಕಾಯಿಲೆ ಕೈಮೀರಿದೆ' ಅಂತ ಗಾಬರಿ ಬೇಡ. ಬಹಳ ಜನಕ್ಕೆ ಎರಡು ಬೇಕಾಗುತ್ತದೆ.

"ಬಿಟ್ಟಿ ಮಾತ್ರೆ ಕೆಲಸ ಮಾಡುತ್ತಾ?" ಮಾಡುತ್ತದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಬರೆದುಕೊಡುವುದೂ ಬಹಳ ಸಲ ಇದೇ ಆಮ್ಲೊಡಿಪಿನ್, ಇದೇ ಟೆಲ್ಮಿಸಾರ್ಟನ್. ಡಬ್ಬಿಯ ಮೇಲಿನ ಕಂಪನಿ ಹೆಸರು ಬೇರೆ, ಒಳಗಿರುವ ಔಷಧಿ ಒಂದೇ. ಪಿಎಚ್‌ಸಿಯಲ್ಲಿ ಯಾವತ್ತಾದರೂ ಸ್ಟಾಕ್ ಇಲ್ಲ ಅಂದರೆ ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಸ್ಟಾಕ್ ಬರುವ ತನಕ ಖಾಲಿ ಇರಬೇಡಿ.

ಇಲ್ಲೊಂದು ಅಪಾಯ ಇದೆ, ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಪ್ರೈವೇಟ್ ಕ್ಲಿನಿಕ್‌ನಲ್ಲಿ ಕೊಡುವ ಒಂದೇ ಮಾತ್ರೆಯಲ್ಲಿ ಕೆಲವು ಸಲ ಎರಡು ಔಷಧಿ ಸೇರಿರುತ್ತವೆ. ಅದನ್ನೂ ನುಂಗಿ, ಪಿಎಚ್‌ಸಿಯ ಆಮ್ಲೊಡಿಪಿನ್ ಕೂಡ ನುಂಗಿದರೆ ಒಂದೇ ಔಷಧಿ ಎರಡು ಸಲ ಹೊಟ್ಟೆಗೆ ಹೋಯಿತು. ಬಿಪಿ ಧಡಕ್ಕನೆ ಇಳಿದು ತಲೆಸುತ್ತಿ ಬೀಳಬಹುದು. ಎರಡು ಕಡೆ ತೋರಿಸುವವರು ಎರಡೂ ಕಡೆಯ ಮಾತ್ರೆ ಸ್ಟ್ರಿಪ್ಪನ್ನು ಕವರಿನಲ್ಲಿ ಹಾಕಿಕೊಂಡು ಹೋಗಿ ತೋರಿಸಿ.

ಅಡ್ಡ ಪರಿಣಾಮ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆಮ್ಲೊಡಿಪಿನ್‌ನಿಂದ ಕೆಲವರಿಗೆ ಪಾದದ ಗಂಟು ಊದುತ್ತದೆ. ಎನಲಾಪ್ರಿಲ್ ಅನ್ನುವ ಇನ್ನೊಂದು ಮಾತ್ರೆಯಿಂದ ಒಣ ಕೆಮ್ಮು ಬರಬಹುದು. ಕ್ಲೋರ್ಥಲಿಡೋನ್ ರಕ್ತದಲ್ಲಿನ ಸೋಡಿಯಂ, ಪೊಟ್ಯಾಸಿಯಂ ಇಳಿಸಬಹುದು. ಟೆಲ್ಮಿಸಾರ್ಟನ್, ಎನಲಾಪ್ರಿಲ್ ಗರ್ಭಿಣಿಯರಿಗೆ ಸಲ್ಲ. ಮಗು ಮಾಡಿಕೊಳ್ಳುವ ಯೋಚನೆ ಇದ್ದರೂ ಮೊದಲೇ ಡಾಕ್ಟರಿಗೆ ಹೇಳಿ. ಏನೇ ಆದರೂ ನೀವೇ ನಿಲ್ಲಿಸಬೇಡಿ. "ಕಾಲು ಊದುತ್ತಿದೆ" ಅಂತ ಹೇಳಿದರೆ ಬದಲಿಸಿ ಕೊಡಲು ಬೇರೆ ಮಾತ್ರೆ ಇದೆ. ವಾಂತಿ ಭೇದಿ ಜೋರಾಗಿರುವ ದಿನ ಮಾತ್ರೆ ತೆಗೆದುಕೊಳ್ಳಬೇಕೋ ಬಿಡಬೇಕೋ ಅಂತ ಕೇಳಿಕೊಂಡೇ ಮುಂದುವರಿಯಿರಿ.

ಬೆಳಗ್ಗೆ ಒಳ್ಳೆಯದಾ, ರಾತ್ರಿಯಾ? ಮರೆಯದ ಹೊತ್ತು ಒಳ್ಳೆಯದು. ಮೂತ್ರ ಹೆಚ್ಚಿಸುವ ಮಾತ್ರೆ ಮಾತ್ರ ಬೆಳಗ್ಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ರಾತ್ರಿಯೆಲ್ಲ ಎದ್ದು ಓಡಾಡಬೇಕು. ಒಂದು ದಿನ ಮರೆತರೆ ಮಾರನೇ ದಿನ ಎರಡು ನುಂಗಬೇಡಿ.

ಹಂತ 6: ಎರಡನೇ ತಿಂಗಳು

ಆಗುವುದು ಹೀಗೆ. ಮೊದಲ ತಿಂಗಳು ಶ್ರದ್ಧೆಯಿಂದ ಮಾತ್ರೆ ನುಂಗುತ್ತಾರೆ. ತಿಂಗಳ ಕೊನೆಗೆ ಅಳೆಸಿದರೆ 132/84. ಸಂತೋಷ. "ನಾರ್ಮಲ್ ಆಯ್ತು, ಇನ್ಯಾಕೆ ಮಾತ್ರೆ?" ಮಾತ್ರೆ ಕಿಟಕಿಯ ಮೇಲೆ ಧೂಳು ಹಿಡಿಯುತ್ತದೆ. ಆರು ತಿಂಗಳಾದ ಮೇಲೆ ಮತ್ತೆ 170.

ಆ 132 ಬಂದಿದ್ದು ಮಾತ್ರೆಯಿಂದ. ಕೊಡೆ ಹಿಡಿದಿದ್ದಕ್ಕೆ ನೆನೆಯಲಿಲ್ಲ, ಮಳೆಯೇನೂ ನಿಂತಿರಲಿಲ್ಲ. "ಒಮ್ಮೆ ಶುರು ಮಾಡಿದರೆ ಬಿಡುವ ಹಾಗಿಲ್ಲ, ಅಭ್ಯಾಸ ಆಗಿಬಿಡುತ್ತೆ" ಅನ್ನುತ್ತಾರೆ. ಅದು ಹೆಂಡದ ಅಭ್ಯಾಸದಂತಲ್ಲ. ಬಹಳ ಜನಕ್ಕೆ ಬಿಪಿಯೇ ಜೀವನಪೂರ್ತಿ ಇರುವಂಥದ್ದು, ಹಾಗಾಗಿ ಮಾತ್ರೆಯೂ ಇರಬೇಕು. ತೂಕ ಚೆನ್ನಾಗಿ ಇಳಿಸಿ, ಉಪ್ಪು ಕಡಿಮೆ ಮಾಡಿ, ಡಾಕ್ಟರ್ ನೋಡಿಕೊಂಡು ಮಾತ್ರೆ ಕಡಿಮೆ ಮಾಡಿದವರೂ ಇದ್ದಾರೆ. ತೀರ್ಮಾನ ಡಾಕ್ಟರದ್ದು ಇರಬೇಕು, ಕಿಟಕಿಯದ್ದಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಮೇಲಿನ ಬಿಪಿ 10ರಷ್ಟು ಇಳಿದರೆ ಲಕ್ವ ಹೊಡೆಯುವ ಅಪಾಯ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ಮಾತ್ರೆ ಪಟ್ಟಿ ಮನೆಯಲ್ಲಿದ್ದರೆ ಸಾಲದು, ಹೊಟ್ಟೆಗೆ ಹೋಗಬೇಕು.

ಈ ತಿಂಗಳು ದಾಟಲು ನಮ್ಮ ಮನೆಯಲ್ಲಿ ಕೆಲಸಕ್ಕೆ ಬಂದ ಉಪಾಯಗಳು ಇವು. ಮಾತ್ರೆ ಮುಗಿಯುವ ಐದು ದಿನ ಮುಂಚೆ ಕ್ಯಾಲೆಂಡರಿನಲ್ಲಿ ಗುರುತು. ಹಾಲು ಡೈರಿಗೆ ಹಾಕಿ ಬಂದ ತಕ್ಷಣ ಮಾತ್ರೆ, ಹೊತ್ತು ತಪ್ಪುವುದಿಲ್ಲ. ನೂರು ಪುಟದ ಒಂದು ನೋಟ್‌ಬುಕ್: ತಾರೀಕು, ಬಿಪಿ, ಮಾತ್ರೆ ಹೆಸರು, ಮುಂದಿನ ದಿನ. ಡಾಕ್ಟರ್ ಬದಲಾದರೂ ಪುಸ್ತಕ ಮಾತಾಡುತ್ತದೆ. ಅಳೆಸುವ ದಿನ ಬೆಳಗ್ಗೆಯೂ ಎಂದಿನಂತೆ ಮಾತ್ರೆ ನುಂಗಿ. "ಮಾತ್ರೆ ಇಲ್ಲದೆ ಎಷ್ಟಿದೆ ನೋಡೋಣ" ಅಂತ ಅವತ್ತು ಬಿಟ್ಟು ಹೋದರೆ ಡಾಕ್ಟರ್ ಮಾತ್ರೆ ಸಾಲದು ಅಂದುಕೊಂಡು ಪ್ರಮಾಣ ಏರಿಸುತ್ತಾರೆ.

ಗುರಿ ಎಷ್ಟು ಅಂತ ಕೇಳಿ ಪುಸ್ತಕದ ಮೊದಲ ಪುಟದಲ್ಲಿ ಬರೆಸಿಕೊಳ್ಳಿ. ಸಾಮಾನ್ಯವಾಗಿ 140/90ಕ್ಕಿಂತ ಕೆಳಗೆ. ಶುಗರ್, ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಬಹಳ ಸಲ 130/80ಕ್ಕಿಂತ ಕೆಳಗೆ.

ಹಂತ 7: ಉಪ್ಪಿನ ಪ್ಯಾಕೆಟ್ ಲೆಕ್ಕ

"ನಾವು ಉಪ್ಪು ಕಡಿಮೆನೇ ತಿನ್ನೋದು" ಅಂತ ಎಲ್ಲರೂ ಹೇಳುತ್ತಾರೆ. ಪರೀಕ್ಷೆ ಮಾಡೋಣ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ. ಹಾಗಾದರೆ ಒಂದು ಕೆಜಿ ಪ್ಯಾಕೆಟ್ 50 ದಿನ ಬರಬೇಕು. ಪ್ಯಾಕೆಟ್ ಒಡೆದ ದಿನ ಅದರ ಮೇಲೇ ತಾರೀಕು ಬರೆಯಿರಿ. ನಮ್ಮ ಮನೆಯಲ್ಲಿ ಮೊದಲ ಸಲ 27 ದಿನಕ್ಕೆ ಮುಗಿದಿತ್ತು, ಅದೂ ಉಪ್ಪಿನಕಾಯಿಯ ಉಪ್ಪು ಬಿಟ್ಟು.

ನಮ್ಮ ಕಡೆ ಊಟದಲ್ಲಿ ಮುದ್ದೆ ತಪ್ಪಿತಸ್ಥ ಅಲ್ಲ. ರಾಗಿ ಹಿಟ್ಟಿಗೆ ಉಪ್ಪು ಹಾಕದಿದ್ದರೂ ನಡೆಯುತ್ತದೆ. ಉಪ್ಪು ಇರುವುದು ಮುದ್ದೆ ಜಾರಿಸುವ ಸಾರಿನಲ್ಲಿ. ಬಸ್ಸಾರು, ಮಸ್ಸೊಪ್ಪು, ಉಪ್ಪುಸಾರಿನ ಖಾರ, ಇವಕ್ಕೆ ಉಪ್ಪು ಹಾಕುವ ಕೈ ಸ್ವಲ್ಪ ಬಿಗಿಯಾಗಬೇಕು. ಒಂದೇ ದಿನ ಅರ್ಧ ಮಾಡಿದರೆ ಮನೆಯವರು ತಟ್ಟೆ ತಳ್ಳುತ್ತಾರೆ. ವಾರ ವಾರ ಒಂದು ಚಿಟಿಕೆ ಇಳಿಸಿ, ಹುಣಸೆಹಣ್ಣು, ನಿಂಬೆ, ಬೆಳ್ಳುಳ್ಳಿ ಒಗ್ಗರಣೆ ಮುಂದೆ ಮಾಡಿ. ಕೆಲವು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಕಾಣದ ಉಪ್ಪು ಬೇರೆ ಇದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಒಣಮೀನು, ಬೇಕರಿ ಖಾರ, ಬ್ರೆಡ್ಡು. ಶ್ರೀನಿವಾಸಪುರದ ಮಾವಿನ ಸೀಸನ್ನಿನಲ್ಲಿ ಕಾಯಿ ಹೆಚ್ಚಿ ಉಪ್ಪು ಖಾರ ಸವರಿಕೊಂಡು ತಿನ್ನುತ್ತೇವಲ್ಲ, ಅದು. ಬಂಗಾರಪೇಟೆ ಪಾನಿಪುರಿಯ ತಿಳಿನೀರನ್ನು ಕೊನೆಗೆ ಇನ್ನೊಂದು ಬಟ್ಟಲು ಕೇಳಿ ಕುಡಿಯುವುದು, ಅದೂ. ಜನ್ಮದಲ್ಲಿ ತಿನ್ನಬೇಡಿ ಅಂತ ನಾನು ಹೇಳಲಾರೆ. ಎರಡನೇ ಬಟ್ಟಲು ಬಿಡಿ.

ಕಲ್ಲುಪ್ಪು, ಗುಲಾಬಿ ಬಣ್ಣದ ಉಪ್ಪು ತಿಂದರೆ ಬಿಪಿ ಬರಲ್ಲ ಅನ್ನುವುದು ಸುಳ್ಳು. ಎರಡರಲ್ಲೂ ಇರುವುದು ಅದೇ ಸೋಡಿಯಂ. ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಸೇರಿಸಿದ ಉಪ್ಪು ಅಂಗಡಿಯಲ್ಲಿ ಸಿಗುತ್ತದೆ, ಅದು ಕೆಲವರಿಗೆ ಉಪಯೋಗ. ಆದರೆ ಕಿಡ್ನಿ ತೊಂದರೆ ಇರುವವರು, ಟೆಲ್ಮಿಸಾರ್ಟನ್ ಥರದ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬೇಡಿ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ತಪ್ಪುತ್ತದೆ.

ಉಳಿದದ್ದು ನಿಮಗೆ ಗೊತ್ತಿರುವುದೇ. ವಾರದಲ್ಲಿ 150 ನಿಮಿಷ ಬಿರುಸು ನಡಿಗೆ. ತೂಕ ಒಂದು ಕೆಜಿ ಇಳಿದರೆ ಮೇಲಿನ ಬಿಪಿ ಸುಮಾರು 1ರಷ್ಟು ಇಳಿಯುತ್ತದೆ. ಹೆಂಡ, ಬೀಡಿ ಬೇಡ. ಹೊಗೆಸೊಪ್ಪು, ಕಡ್ಡಿಪುಡಿ ಲೆಕ್ಕಕ್ಕಿಲ್ಲ ಅಂತ ಅಜ್ಜಿಯಂದಿರು ತಿಳಿದಿದ್ದಾರೆ. ಅವೂ ತಂಬಾಕೇ. ಬೆಳ್ಳುಳ್ಳಿ, ಮೆಂತ್ಯ ತಿನ್ನಿ, ಬೇಡ ಅನ್ನುವುದಿಲ್ಲ. ಮಾತ್ರೆಯ ಜಾಗಕ್ಕೆ ಮಾತ್ರ ಕೂರಿಸಬೇಡಿ.

ಹಂತ 8: ಮನೆಗೆ ಮಿಷನ್ ಬೇಕಾ?

ಕಡ್ಡಾಯ ಇಲ್ಲ. ತರುವುದಾದರೆ ತೋಳಿಗೆ ಸುತ್ತುವ ಮಿಷನ್ ತನ್ನಿ, ಮಣಿಕಟ್ಟಿಗೆ ಕಟ್ಟುವುದು ಬೇಡ. ತಂದ ಮೇಲೆ ಒಮ್ಮೆ ಪಿಎಚ್‌ಸಿಗೆ ಒಯ್ದು ಅಲ್ಲಿನ ಮಿಷನ್ ಜೊತೆ ಹೋಲಿಸಿ. ಡಾಕ್ಟರ್ ನೋಡುವ ವಾರ ಮುಂಚೆ ಏಳು ದಿನ, ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ ಅಳೆದು ಬರೆದಿಡಿ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯಲ್ಲಿ ಗೆರೆ ಸ್ವಲ್ಪ ಕೆಳಗೆ: 135/85. ದಿನಕ್ಕೆ ಹತ್ತು ಸಲ ಅಳೆಯುವವರ ಬಿಪಿ ಮಿಷನ್ ನೋಡಿಯೇ ಏರುತ್ತದೆ. ಅಂಥವರ ಮನೆಯಲ್ಲಿ ಮಿಷನ್ ಬೀರುವಿನೊಳಗೆ ಇರಲಿ.

ಹಂತ 9: ಯಾವಾಗ ಓಡಬೇಕು

ಮಿಷನ್ 185/112 ತೋರಿಸಿತು, ಮೈಯಲ್ಲಿ ಏನೂ ತೊಂದರೆ ಇಲ್ಲ. ಆಗ ಕೂರಿ. ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಇನ್ನೂ ಹಾಗೇ ಇದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಬಿಪಿ ಬೇಗ ಇಳಿಯಲಿ ಅಂತ ನಾಲಿಗೆ ಕೆಳಗೆ ನಿಫೆಡಿಪಿನ್ ಕ್ಯಾಪ್ಸೂಲ್ ಇಡುವ ಹಳೇ ಪದ್ಧತಿ ಇತ್ತು. ಯಾರಾದರೂ ಹೇಳಿದರೆ ಕೇಳಬೇಡಿ. ಬಿಪಿ ಒಮ್ಮೆಲೇ ಕುಸಿದು ಮೆದುಳಿಗೆ, ಹೃದಯಕ್ಕೆ ರಕ್ತ ಸಾಲದೆ ಹೋಗುತ್ತದೆ.

ಇವುಗಳಲ್ಲಿ ಒಂದಿದ್ದರೂ ಬಿಪಿ ಅಳೆಯುತ್ತಾ ಕೂರದೆ 108ಕ್ಕೆ ಫೋನ್ ಮಾಡಿ: ಎದೆ ಹಿಂಡಿದಂತೆ ನೋವು, ಉಸಿರು ಕಟ್ಟುವುದು, ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಬಲ ಕಳೆದುಕೊಳ್ಳುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ಹಿಂದೆಂದೂ ಬಾರದಷ್ಟು ತಲೆನೋವು.

ಎದೆನೋವಿಗೆ 'ಗ್ಯಾಸ್ಟ್ರಿಕ್' ಅಂತ ಸೋಡಾ ಕುಡಿದು ಕಾಯಬೇಡಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ತಜ್ಞರಿಗೆ ಕಳಿಸಿ, ಬೇಕಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಲಕ್ವದ ವಿಷಯದಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಶುರುವಾದ ಹೊತ್ತಿನಿಂದ ನಾಲ್ಕೂವರೆ ಗಂಟೆಯಷ್ಟೇ ಸಮಯ. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಆದ್ದರಿಂದ ಸ್ಕ್ಯಾನ್ ಇರುವ ಆಸ್ಪತ್ರೆಗೇ ಕರೆದುಕೊಂಡು ಹೋಗಿ ಅಂತ ಆಂಬುಲೆನ್ಸ್‌ನವರಿಗೆ ಹೇಳಿ. ಎಷ್ಟು ಗಂಟೆಗೆ ಶುರುವಾಯಿತು ಅನ್ನುವುದನ್ನು ಬರೆದಿಟ್ಟುಕೊಳ್ಳಿ. ನಾಟಿ ಔಷಧಿಯವರ ಮನೆ ಬಾಗಿಲಲ್ಲಿ ಈ ನಾಲ್ಕೂವರೆ ಗಂಟೆ ಕಳೆದುಹೋಗುತ್ತದೆ. ಲಕ್ವ ಹೊಡೆದವರ ಬಾಯಿಗೆ ನೀರು, ಮಾತ್ರೆ ಏನೂ ಹಾಕಬೇಡಿ, ನುಂಗಲು ಆಗದೆ ಶ್ವಾಸನಾಳಕ್ಕೆ ಹೋಗಬಹುದು.

ಕೊನೆಗೆ, ಹಬ್ಬದ ಮುಂಚೆ ಬರುವ ಎರಡು ಪ್ರಶ್ನೆ. ಶಿವರಾತ್ರಿ, ಏಕಾದಶಿ ಉಪವಾಸದ ದಿನವೂ ಬಿಪಿ ಮಾತ್ರೆ ನೀರಿನ ಜೊತೆ ನುಂಗಬಹುದು, ಊಟ ಆಗಿರಲೇಬೇಕು ಅಂತಿಲ್ಲ. ನೀರೂ ಕುಡಿಯದ ಕಠಿಣ ಉಪವಾಸ, ರಂಜಾನ್ ಉಪವಾಸ ಇದ್ದರೆ ಹೊತ್ತು ಬದಲಿಸಿಕೊಳ್ಳುವ ಬಗ್ಗೆ ಮೊದಲೇ ಡಾಕ್ಟರನ್ನು ಕೇಳಿ. ಶುಗರ್ ಮಾತ್ರೆಯ ಲೆಕ್ಕ ಬೇರೆ, ಉಪವಾಸದ ದಿನ ಅದನ್ನು ಏನು ಮಾಡಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ. ಇನ್ನು ತಿರುಪತಿಗೆ ಹೊರಟವರು ಮಾತ್ರೆಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ. ನಡೆದು ಬೆಟ್ಟ ಹತ್ತುವವರು ಲಗೇಜು ಕೆಳಗೇ ಕೊಟ್ಟಿರುತ್ತಾರೆ, ಅದು ಮೇಲೆ ಕೈಗೆ ಸಿಗುವ ಹೊತ್ತಿಗೆ ಮಾತ್ರೆಯ ಹೊತ್ತು ದಾಟಿರುತ್ತದೆ. ಎರಡು ದಿನಕ್ಕೆ ಹೊರಟರೂ ನಾಲ್ಕು ದಿನದ್ದು ಹಾಕಿಕೊಳ್ಳಿ. ದರ್ಶನ ಯಾವಾಗ ಸಿಗುತ್ತದೋ ಯಾರಿಗೆ ಗೊತ್ತು.